ಮಕ್ಕಳ ಕೈ ಹಿಡ್ಕೊಂಡು ಹೊರಗೆ ಹೋಗೋದು ಹೇಗೆ: ಟ್ರಾನ್ಸ್ ಅಪ್ಪ ಅಮ್ಮಂದಿರಿಗೆ

ಪಾರ್ಕಲ್ಲಿ ಜೋಕಾಲಿ ಮೇಲೆ ಕೂತಿದ್ದ ನನ್ನ ಚಿಕ್ಕವಳು ಗಂಟಲು ಹರಿಯೋ ಹಾಗೆ "ಅಪ್ಪಾ, ಇನ್ನೂ ಜೋರಾಗಿ ತಳ್ಳು" ಅಂತ ಕೂಗಿದಳು, ಸುತ್ತ ಬೆಂಚುಗಳ ಮೇಲಿದ್ದ ಅಷ್ಟೂ ತಲೆ ಒಟ್ಟಿಗೆ ನನ್ನ ಕಡೆ ತಿರುಗಿತು. ನಾನು ಉದ್ದ ಕೂದಲು ಬಿಟ್ಕೊಂಡು, ಹೂವಿನ ಪ್ರಿಂಟ್ ಇರೋ ಡ್ರೆಸ್ ಹಾಕ್ಕೊಂಡು ಅಲ್ಲಿ ನಿಂತಿದ್ದೆ. ಭೂಮಿ ಬಾಯ್ಬಿಟ್ಟು ನುಂಗಬಾರದಾ ಅನ್ನಿಸ್ತು. ಎರಡು ನಿಮಿಷದಲ್ಲಿ ಮಗೂನ ಇಳಿಸ್ಕೊಂಡು ಮನೆ ಕಡೆ ಹೆಜ್ಜೆ ಹಾಕಿದೆ, ಅವಳು ದಾರಿಯುದ್ದಕ್ಕೂ ಅತ್ತಳು, ಯಾಕೆ ಬೇಗ ಹೊರಟ್ವಿ ಅಂತ ನಾನು ಹೇಳಲೇ ಇಲ್ಲ. ಆ ರಾತ್ರಿ ಯೋಚನೆ ಮಾಡಿದಾಗ ಹೊಳೆದಿದ್ದು ಏನಪ್ಪಾ ಅಂದ್ರೆ, ಬೆಂಚಿನ ಮೇಲಿದ್ದವರಲ್ಲಿ ಒಬ್ಬರೂ ಬಾಯಿ ಬಿಟ್ಟು ಏನೂ ಅಂದಿರಲಿಲ್ಲ, ಅವತ್ತು ಮಗು ಆಟ ನಿಲ್ಸಿದ್ದು ನಾನೇ.

ಈಗ ಅವಳಿಗೆ 5, ದೊಡ್ಡವನಿಗೆ 8. ಮೂರು ವರ್ಷದಲ್ಲಿ ತಪ್ಪು ಮಾಡಿ ಮಾಡಿ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ. ನಾನು ಟ್ರಾನ್ಸ್ ಹೆಂಗಸು, ಅಂದ್ರೆ ಹುಟ್ಟಿದಾಗ ಎಲ್ಲರೂ ಗಂಡು ಅಂದ್ಕೊಂಡಿದ್ದ ಹೆಂಗಸು, ಹಾಗಾಗಿ ಉದಾಹರಣೆಗಳು ನನ್ನ ಕಡೆಗೆ ಸ್ವಲ್ಪ ವಾಲಿರುತ್ವೆ, ಟ್ರಾನ್ಸ್ ಅಪ್ಪಂದಿರು ಮತ್ತೆ ಗಂಡು-ಹೆಣ್ಣು ಎರಡರಲ್ಲೂ ಸೇರದೇ ಇರೋ ಪೋಷಕರು ತಮಗೆ ಹೊಂದೋ ಹಾಗೆ ತಿರುಗಿಸ್ಕೊಳ್ಳಿ. ಕೆಳಗಿರೋದ್ರಲ್ಲಿ ಹೆಚ್ಚಿನದೆಲ್ಲ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತೆ: ಹೊರಗಡೆ ನಮ್ಮನ್ನ ಪ್ರಶ್ನೆ ಕೇಳೋರು ಯಾರೋ, ಆದ್ರೆ ನಮ್ಮ ಉತ್ತರಾನ ಮನಸ್ಸಲ್ಲಿ ಇಟ್ಕೊಂಡು ಮನೆಗೆ ಬರೋದು ಪಕ್ಕದಲ್ಲಿ ಕೈ ಹಿಡ್ಕೊಂಡಿರೋ ಮಗು. ಹಾಗಾಗಿ ಏನೇ ಮಾಡಿದ್ರೂ ಮಗು ಕಡೆ ಮುಖ ಮಾಡಿ ಮಾಡಿ.

ಮೊದಲು ಕರೆಯೋ ಹೆಸರು ಇತ್ಯರ್ಥ ಮಾಡ್ಕೊಳ್ಳಿ

ನನ್ನ ಅನುಭವದಲ್ಲಿ ಹೊರಗಡೆ ಆಗೋ ಮುಜುಗರದಲ್ಲಿ ಅರ್ಧ ಈ ಒಂದು ಪದದಿಂದಾನೇ ಬರುತ್ತೆ. ಅಪ್ಪ ಅನ್ನಬೇಕಾ, ಅಮ್ಮ ಅನ್ನಬೇಕಾ, ಬೇರೆ ಏನಾದ್ರೂನಾ? ಇದಕ್ಕೆ ಸರಿಯಾದ ಉತ್ತರ ಅಂತ ಒಂದಿಲ್ಲ. ಕೆಲವರು ಹಳೇ ಹೆಸರನ್ನೇ ಇಟ್ಕೊಳ್ತಾರೆ, ಯಾಕಂದ್ರೆ ಅದು ಲಿಂಗದ ಹೆಸರಲ್ಲ ಸಂಬಂಧದ ಹೆಸರು ಅಂತ ಅವರಿಗನ್ಸುತ್ತೆ. ಕೆಲವರಿಗೆ ಆ ಪದ ಕಿವಿಗೆ ಬಿದ್ರೆ ಮೈಯೆಲ್ಲಾ ಮುಳ್ಳು ಚುಚ್ಚಿದಂಗಾಗುತ್ತೆ, ಅಂಥವರು ಬದಲಾಯಿಸ್ಲೇಬೇಕು. ನಮ್ಮನೇಲಿ ಅಮ್ಮ ಅಂತ ಆಗಲೇ ಒಬ್ಬರಿದ್ರು, ನನ್ನ ಹೆಂಡತಿ, ಅವಳ ಜಾಗಕ್ಕೆ ನಾನು ಕೈ ಹಾಕೋದು ನನಗೂ ಇಷ್ಟ ಇರಲಿಲ್ಲ, ಮಕ್ಕಳನ್ನೇ ಕೂರಿಸ್ಕೊಂಡು ಕೇಳಿದಾಗ ದೊಡ್ಡವನು ಒಂದು ವಾರ ಏನೇನೋ ವಿಚಿತ್ರ ಹೆಸರು ಹೇಳಿ (ಒಂದು ಡೈನೋಸಾರ್ ಹೆಸರೂ ಇತ್ತು ಅದರಲ್ಲಿ) ಕೊನೆಗೆ "ಅಮ್ಮಿ" ಅಂದ. ಅದೇ ಉಳೀತು.

ಆದ್ರೆ ಹೆಸರು ಬದಲಾಯ್ತು ಅಂದ ತಕ್ಷಣ ನಾಲಿಗೆ ಬದಲಾಗಲ್ಲ. ಬಿದ್ದಾಗ, ಹೆದರಿದಾಗ, ಖುಷಿ ಜಾಸ್ತಿ ಆದಾಗ ಮಗು ಬಾಯಲ್ಲಿ ಹಳೇ ಹೆಸರೇ ಬರುತ್ತೆ. ಎಲ್ಲರ ಎದುರಿಗೆ ತಿದ್ದೋಕೆ ಹೋಗ್ಬೇಡಿ. ಮಂಡಿ ಕೆತ್ತಿಸ್ಕೊಂಡು ಅಳ್ತಾ ಇರೋ ಮಗುಗೆ ವ್ಯಾಕರಣ ಹೇಳ್ಕೊಡೋದು ಯಾವ ನ್ಯಾಯ? ಓಡಿ ಹೋಗಿ ಎತ್ಕೊಳ್ಳಿ. ಹೆಸರಿನ ವಿಷಯ ಮನೇಲಿ, ಆಟದ ಮಧ್ಯೆ, ನಗ್ತಾ ನೆನಪಿಸಿದ್ರೆ ಸಾಕು, ತಿಂಗಳುಗಳು ಹಿಡಿಯುತ್ತೆ, ಹಿಡೀಲಿ ಬಿಡಿ.

ಇನ್ನೊಂದು ಮುಖ್ಯವಾದ ಮಾತು. ಮಗು ಕೈಲಿ ಗುಟ್ಟು ಕಾಪಾಡಿಸ್ಬೇಡಿ. "ಹೊರಗಡೆ ಯಾರಿಗೂ ಹೇಳ್ಬೇಡ" ಅಂದ್ರೆ ಮೂರು ವರ್ಷದ ಮಗುಗೆ ಅರ್ಥ ಆಗೋದು ಇಷ್ಟೇ, ನಮ್ಮನೇಲಿ ಏನೋ ತಪ್ಪಿದೆ ಅಂತ. "ಇದು ನಮ್ಮನೆ ವಿಷಯ, ನಿಂಗೆ ಇಷ್ಟ ಇದ್ರೆ ಹೇಳು, ಇಷ್ಟ ಇಲ್ದಿದ್ರೆ ಅಮ್ಮಿನ ಕೇಳಿ ಅನ್ನು" ಅಂದ್ರೆ ಭಾರ ನಮ್ಮ ಮೇಲೇ ಉಳಿಯುತ್ತೆ. ನೀವಿರೋ ಜಾಗದಲ್ಲಿ ಗೊತ್ತಾದ್ರೆ ನಿಜವಾಗ್ಲೂ ಅಪಾಯ ಅನ್ನೋ ಪರಿಸ್ಥಿತಿ ಇದ್ರೆ ಲೆಕ್ಕ ಬೇರೆ, ಆಗ ಎಲ್ಲಿಗೆ ಹೋಗ್ತೀವಿ, ಯಾವ ಬಟ್ಟೇಲಿ ಹೋಗ್ತೀವಿ ಅನ್ನೋದನ್ನ ದೊಡ್ಡವರೇ ನಿರ್ಧರಿಸಿ, ಮಗು ನಾಲಿಗೆ ಮೇಲೆ ಆ ಕಾವಲು ಹಾಕ್ಬೇಡಿ.

ಅಂದಹಾಗೆ ಕನ್ನಡ ಈ ವಿಷಯದಲ್ಲಿ ನಮಗೆ ಅರ್ಧ ಉಪಕಾರ ಮಾಡಿದೆ. "ನಾನು ಬಂದೆ, ನೀನು ಬಂದೆ" ಅನ್ನೋಕೆ ಗಂಡು ಹೆಣ್ಣು ಇಲ್ಲ. "ಬಂದ, ಬಂದಳು" ಹತ್ರ ಬಂದಾಗ ಮಾತ್ರ ಸಿಕ್ಕಿ ಬೀಳ್ತೀವಿ, ಅಲ್ಲಿ "ಅವರು ಬಂದ್ರು" ಅಂತ ಮರ್ಯಾದೆ ಕೊಟ್ಟು ತಪ್ಪಿಸ್ಕೋಬಹುದು. ಶಾಲೇಲಿ ಟೀಚರಿಗೆ, ಪರಿಚಯದವರಿಗೆ ಗೊಂದಲ ಆದ್ರೆ ನಾನು ಇದನ್ನೇ ಹೇಳೋದು, ಗೊತ್ತಾಗದಿದ್ರೆ "ಅವರು" ಅನ್ನಿ, ಯಾರಿಗೂ ನಷ್ಟ ಇಲ್ಲ.

ಮಗು ಕೇಳೋದು ಅವಮಾನ ಅಲ್ಲ

ಕ್ಯೂನಲ್ಲಿ ನಿಂತಿರ್ತೀವಿ, ಮಗು ಎಲ್ಲರಿಗೂ ಕೇಳಿಸೋ ಹಾಗೆ "ಅಮ್ಮಿ, ನಿಂಗ್ಯಾಕೆ ಗಡ್ಡ ಬರುತ್ತೆ?" ಅನ್ನುತ್ತೆ. ಜೀವ ಬಾಯಿಗೆ ಬಂದಂಗಾಗುತ್ತೆ. ಇಲ್ಲಿ ಸ್ವಲ್ಪ ಮಕ್ಕಳ ತಲೆ ಹೇಗೆ ಓಡುತ್ತೆ ಅಂತ ಗೊತ್ತಿದ್ರೆ ಧೈರ್ಯ ಬರುತ್ತೆ. ಲಾರೆನ್ಸ್ ಕೋಲ್‌ಬರ್ಗ್ ಅನ್ನೋ ಮನಃಶಾಸ್ತ್ರಜ್ಞ 1966ರಲ್ಲೇ ಇದನ್ನ ವಿವರಿಸಿದ್ರು: ಎರಡು ಮೂರು ವರ್ಷಕ್ಕೆ ಮಕ್ಕಳು ಗಂಡು ಹೆಣ್ಣು ಅಂತ ಹೆಸರು ಹಚ್ಚೋಕೆ ಕಲೀತಾರೆ, ಅದಾದ್ಮೇಲೆ ಕೆಲವು ವರ್ಷ ಕೂದಲು ಬಟ್ಟೆ ನೋಡಿ ನಿರ್ಧಾರ ಮಾಡ್ತಾರೆ, ಕೂದಲು ಕತ್ತರಿಸಿದ್ರೆ ಹುಡುಗಿ ಹುಡುಗ ಆಗ್ತಾಳೆ ಅಂತಲೂ ನಂಬ್ತಾರೆ, ಬಟ್ಟೆ ಬದಲಾದ್ರೆ ಗಂಡು ಹೆಣ್ಣು ಅನ್ನೋದು ಬದಲಾಗಲ್ಲ ಅನ್ನೋ ತಿಳುವಳಿಕೆ ಗಟ್ಟಿ ಆಗೋದು ಆರು ಏಳು ವರ್ಷದ ಹೊತ್ತಿಗೆ. ನಮ್ಮಂಥ ಮನೆಗಳನ್ನ ಮನಸ್ಸಲ್ಲಿ ಇಟ್ಕೊಂಡು ಅವರು ಬರೆದದ್ದಲ್ಲ ಅದು, ಆದ್ರೂ ಉಪಯೋಗಕ್ಕೆ ಬರುತ್ತೆ, ನಾಲ್ಕು ವರ್ಷದ ಮಗು ಗಡ್ಡದ ಬಗ್ಗೆ ಕೇಳೋದು ಚಂದ್ರ ಯಾಕೆ ನಮ್ಮ ಹಿಂದೆನೇ ಬರ್ತಾನೆ ಅಂತ ಕೇಳಿದ ಹಾಗೇ.

ಹಾಗಾಗಿ ಉತ್ತರಾನೂ ಅಷ್ಟೇ ಉದ್ದ ಇರ್ಲಿ. "ಹೂಂ ಕಂದ, ಕೆಲವರಿಗೆ ಬರುತ್ತೆ, ನಂಗೂ ಬರುತ್ತೆ, ಬೆಳಿಗ್ಗೆ ತೆಗೀತೀನಿ." ಮುಗೀತು. ಸಣ್ಣ ಮಕ್ಕಳಿಗೆ ನಾನು ಹೇಳಿದ ಪೂರ್ತಿ ಕಥೆ ಇಷ್ಟು: "ನಾನು ಹುಟ್ಟಿದಾಗ ಎಲ್ಲರೂ ನನ್ನ ಗಂಡು ಮಗು ಅಂದ್ಕೊಂಡ್ರು, ನಂಗೆ ಒಳಗೊಳಗೆ ನಾನು ಹೆಣ್ಣು ಅಂತ ಗೊತ್ತಿತ್ತು, ಈಗ ಎಲ್ಲರಿಗೂ ಹೇಳಿದೀನಿ. ನಿನ್ನ ಮೇಲಿರೋ ಪ್ರೀತಿ ಅಷ್ಟೇ ಇದೆ, ರಾತ್ರಿ ಕಥೆ ಓದೋದೂ ನಾನೇ." ಆ ಕೊನೇ ವಾಕ್ಯ ಬಿಡ್ಬೇಡಿ. ಮಕ್ಕಳ ನಿಜವಾದ ಆತಂಕ ಅಲ್ಲಿರುತ್ತೆ, ಹಾರ್ಮೋನು ಆಪರೇಷನ್ನು ಇವೆಲ್ಲ ಅವರಾಗೇ ಕೇಳಿದಾಗ ನೋಡ್ಕೊಂಡ್ರಾಯ್ತು.

ಮೆಟ್ಟಿಲು ಹತ್ತೋದು

ಧೈರ್ಯ ಬಂದ್ಮೇಲೆ ಹೊರಗೆ ಹೋಗ್ತೀನಿ ಅಂತ ನಾನು ಸುಮಾರು ಎಂಟು ತಿಂಗಳು ಕಾದೆ, ಬರಲಿಲ್ಲ. ಭಯಕ್ಕೆ ಚಿಕಿತ್ಸೆ ಕೊಡೋರು ಮಾಡೋದೇ ಬೇರೆ, ಜೋಸೆಫ್ ವೋಲ್ಪಿ ಅನ್ನೋ ಮನೋವೈದ್ಯರು 1950ರ ದಶಕದಲ್ಲೇ ತೋರಿಸಿಕೊಟ್ಟ ಕ್ರಮ ಇದು: ಹೆದರಿಕೆ ಆಗೋ ಸನ್ನಿವೇಶಗಳನ್ನೆಲ್ಲ ಪಟ್ಟಿ ಮಾಡೋದು, ಕಡಿಮೆ ಹೆದರಿಕೆಯಿಂದ ಜಾಸ್ತಿಗೆ ಜೋಡಿಸೋದು, ಕೆಳಗಿನ ಮೆಟ್ಟಿಲು ಸಲೀಸಾಗೋವರೆಗೂ ಮೇಲಿನದಕ್ಕೆ ಕಾಲಿಡದೇ ಇರೋದು. ಕಾಗದ ಪೆನ್ನು ತಗೊಂಡು ನಿಜವಾಗ್ಲೂ ಬರೀರಿ. ನನ್ನ ಪಟ್ಟಿಯ ತಳದಲ್ಲಿ "ಕಸ ಹಾಕೋಕೆ ಡ್ರೆಸ್‌ನಲ್ಲಿ ಗೇಟಿನ ತನಕ ಹೋಗೋದು" ಇತ್ತು, ಅದರ ಮೇಲೆ ಬೆಳಿಗ್ಗೆ ಜನ ಇಲ್ಲದ ಹೊತ್ತಲ್ಲಿ ಪಾರ್ಕು, ಆಮೇಲೆ ಅಂಗಡಿ, ಲೈಬ್ರರಿ, ಸಂಜೆ ಪಾರ್ಕು, ಶಾಲೆ ಗೇಟು, ಮಕ್ಕಳ ಬರ್ತ್‌ಡೇ ಪಾರ್ಟಿ, ತುತ್ತತುದೀಲಿ ಸ್ವಿಮ್ಮಿಂಗ್ ಪೂಲ್.

ಪ್ರತಿ ಮೆಟ್ಟಿಲನ್ನೂ ಮೊದಲು ಮಕ್ಕಳಿಲ್ಲದೆ ಹತ್ತಿ, ಇದು ನನ್ನ ಖಡಾಖಂಡಿತ ಅಭಿಪ್ರಾಯ. ಒಬ್ಬರೇ ಹೋಗಿ, ಇಲ್ಲಾ ನಂಬಿಕಸ್ಥ ಸ್ನೇಹಿತರ ಜೊತೆ. ಮಗು ಜೊತೆ ಇದ್ದಾಗ ನಿಮ್ಮ ಗಮನ ಎರಡು ಕಡೆ ಹರಿಯುತ್ತೆ, ಭಯ ಆದ್ರೆ ಹೊರಟು ಬಿಡೋಕೂ ಆಗಲ್ಲ, ಹೊರಟ್ರೆ ನನ್ನ ಜೋಕಾಲಿ ಕಥೆ ಆಗುತ್ತೆ. ಎರಡನೇದು, ಎದೆ ಢವಢವ ಅನ್ನೋ ಹೊತ್ತಲ್ಲೇ ಎದ್ದು ಬರಬೇಡಿ, ಆಗ ಮೈಗೆ ಓಡಿದ್ರಿಂದಾನೇ ಬದುಕಿದೆ ಅನ್ನೋ ಪಾಠ ಆಗುತ್ತೆ. ಹತ್ತು ಇಪ್ಪತ್ತು ನಿಮಿಷ ಕೂತಿದ್ರೆ ಅದು ತಾನಾಗೇ ಇಳಿಯುತ್ತೆ, ಆ ಇಳಿಯೋದನ್ನ ಮೈ ನೋಡಬೇಕು. (ನಿಜವಾದ ಅಪಾಯ ಇದ್ರೆ ಇದೆಲ್ಲ ಬದಿಗಿಟ್ಟು ಹೊರಡಿ, ಅದನ್ನ ಆಮೇಲೆ ಹೇಳ್ತೀನಿ.) ಮೂರನೇದು, ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ, ಪದೇ ಪದೇ ಹೋಗಿ. ದಿನಾ ಹೊಸ ಪಾರ್ಕಿಗೆ ಹೋದ್ರೆ ದಿನಾ ಹೊಸ ಕಣ್ಣುಗಳು. ಅದೇ ಪಾರ್ಕಿಗೆ ಎಂಟನೇ ಸಲ ಹೋದಾಗ ನೀವು "ಆ ಹಳದಿ ಬೂಟಿನ ಮಗು ಮನೆಯವರು" ಆಗಿರ್ತೀರ, ಅಷ್ಟೇ. ನನಗೆ ಮೊದಲು ನಮಸ್ಕಾರ ಅಂದಿದ್ದು ಅವತ್ತು ಬೆಂಚಿನ ಮೇಲಿಂದ ತಿರುಗಿ ನೋಡಿದ್ದ ಅಜ್ಜಿನೇ.

ಎಲ್ಲರೂ ನನ್ನನ್ನೇ ನೋಡ್ತಿದಾರಾ?

ಅರ್ಧ ಸುಳ್ಳು, ಅರ್ಧ ನಿಜ. ಸುಳ್ಳಿನ ಭಾಗಕ್ಕೆ ಒಂದು ಪ್ರಯೋಗ ಇದೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತೆ ಜೊತೆಗಾರರು ವಿದ್ಯಾರ್ಥಿಗಳಿಗೆ ಮುಜುಗರ ಆಗೋ ಅಂಥ ಟೀ ಶರ್ಟ್ ತೊಡಿಸಿ, ಜನ ಕೂತಿರೋ ರೂಮಿಗೆ ಕಳಿಸಿ, ಎಷ್ಟು ಜನ ಗಮನಿಸಿರ್ತಾರೆ ಹೇಳಿ ಅಂತ ಕೇಳಿದ್ರು. ತೊಟ್ಕೊಂಡವರ ಅಂದಾಜು ಸುಮಾರು ಅರ್ಧದಷ್ಟು ಜನ, ನಿಜವಾಗಿ ಗಮನಿಸಿದವರು ಸುಮಾರು ಕಾಲು ಭಾಗ. 2000ದಲ್ಲಿ ಪ್ರಕಟ ಆದ ಅಧ್ಯಯನ ಅದು. ನಾನು ಹೊರಗೆ ಹೋದಾಗ ನನಗನ್ಸಿದ್ದನ್ನ ಅರ್ಧಕ್ಕೆ ಭಾಗಿಸ್ತೀನಿ, ಸುಮಾರಾಗಿ ಸರಿ ಬರುತ್ತೆ.

ಆದ್ರೆ ಮಿಕ್ಕಿದ್ದು ನಿಜಾನೇ, ಜನ ನೋಡ್ತಾರೆ, ಕಣ್ಣಲ್ಲೇ ತೂಗ್ತಾರೆ. ಅದರ ಸುಸ್ತು ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲ. ಇಲಾನ್ ಮೇಯರ್ ಅನ್ನೋ ಸಂಶೋಧಕರು ಅಲ್ಪಸಂಖ್ಯಾತರ ಮೇಲೆ ಸಮಾಜ ಹೊರಿಸೋ ಈ ಹೆಚ್ಚುವರಿ ಒತ್ತಡದ ಬಗ್ಗೆ ವಿವರವಾಗಿ ಬರೆದಿದಾರೆ, ಅದರಲ್ಲಿ ನಿಜವಾಗಿ ಆದ ಅವಮಾನ ಒಂದು ಭಾಗ, ಯಾವಾಗ ಆಗುತ್ತೋ ಅಂತ ಮೈಯೆಲ್ಲಾ ಕಣ್ಣಾಗಿ ಕಾಯೋದು ಇನ್ನೊಂದು ಭಾಗ. ಮೊದಲನೇದು ನಮ್ಮ ಕೈಲಿಲ್ಲ, ಎರಡನೇದನ್ನ ಸ್ವಲ್ಪ ಕಡಿಮೆ ಮಾಡ್ಕೋಬಹುದು. ನಾನು ಮಾಡೋದು ಸಣ್ಣ ಕೆಲಸ: ಯಾರೋ ದಿಟ್ಟಿಸ್ತಿದಾರೆ ಅನ್ಸಿದ ಕೂಡ್ಲೆ ಕಣ್ಣನ್ನ ಮಗು ಕೈ ಮೇಲೆ ಇಡ್ತೀನಿ, ಆ ಕೈಲಿ ಏನಿದೆ ಅಂತ ನೋಡ್ತೀನಿ, ಕಲ್ಲಾ, ಎಲೆನಾ, ಮಣ್ಣಾ, ಅದರ ಬಗ್ಗೆ ಮಗು ಹತ್ರ ಒಂದು ಪ್ರಶ್ನೆ ಕೇಳ್ತೀನಿ. ಉಸಿರನ್ನ ಎಳೆದದ್ದಕ್ಕಿಂತ ನಿಧಾನಕ್ಕೆ ಬಿಡ್ತೀನಿ. ಅಷ್ಟು ಹೊತ್ತಿಗೆ ನೋಡ್ತಿದ್ದವರು ಮೊಬೈಲಿಗೆ ವಾಪಸ್ ಹೋಗಿರ್ತಾರೆ.

ಬಟ್ಟೆ, ಕೂದಲು, ದನಿ

ಒಬ್ಬರೇ ಹೊರಗೆ ಹೋಗುವಾಗ ಹಾಕ್ಕೊಳ್ಳೋ ಬಟ್ಟೆ ಬೇರೆ, ಎರಡು ವರ್ಷದ ಮಗು ಹಿಂದೆ ಓಡೋವಾಗ ಹಾಕ್ಕೊಳ್ಳೋ ಬಟ್ಟೆ ಬೇರೆ. ಬಗ್ಗಬೇಕು, ಕುಕ್ಕರುಗಾಲಲ್ಲಿ ಕೂರಬೇಕು, ಜಾರುಬಂಡೆ ಕೆಳಗೆ ತೂರಬೇಕು. ಹೊಸ ಬಟ್ಟೇನ ಮೊದಲು ಮನೇಲಿ ಮಗು ಜೊತೆ ಅರ್ಧ ಗಂಟೆ ಕುಸ್ತಿ ಆಡಿ ಪರೀಕ್ಷೆ ಮಾಡಿ. ವಿಗ್ ಹಾಕೋರು ಇದ್ರೆ, ಮಕ್ಕಳು ಎಳೀತಾರೆ, ಎಳೀತಾರೆ ಅಂದ್ರೆ ಎಳೀತಾರೆ, ಅದಕ್ಕೆ ಕ್ಲಿಪ್ ಗಟ್ಟಿ ಇರಲಿ, ಮೇಲೊಂದು ಅಗಲ ಹೇರ್‌ಬ್ಯಾಂಡ್ ಇರಲಿ, ಮಗುಗೆ ಮನೇಲೇ ವಿಗ್ ಮುಟ್ಟೋಕೆ ತಲೆಗೆ ಹಾಕ್ಕೊಳೋಕೆ ಬಿಡಿ, ಕುತೂಹಲ ಅಲ್ಲೇ ತೀರಲಿ. ಉದ್ದ ಓಲೆ ಬೇಡ. ಮೇಕಪ್ ಮಾಡ್ಕೊಂಡ್ರೆ ಅದು ಅರ್ಧ ಗಂಟೆಯೊಳಗೆ ಮಗು ಕೆನ್ನೆ ಮೇಲಿರುತ್ತೆ ಅನ್ನೋದನ್ನ ಲೆಕ್ಕದಲ್ಲಿ ಇಟ್ಕೊಳ್ಳಿ.

ಟ್ರಾನ್ಸ್ ಅಪ್ಪಂದಿರು ಬೈಂಡರ್ (ಎದೆ ಚಪ್ಪಟೆ ಕಾಣೋ ಹಾಗೆ ಬಿಗಿಯಾಗಿ ತೊಡೋ ಒಳಉಡುಪು) ಹಾಕೋದಾದ್ರೆ, ಎಂಟು ಗಂಟೆ ಮೀರಬಾರದು ಅನ್ನೋದು ಸಾಮಾನ್ಯವಾಗಿ ಕೊಡೋ ಸಲಹೆ, ಓಡಾಟ ವ್ಯಾಯಾಮದ ಹೊತ್ತಲ್ಲಿ ಹಾಕ್ಬೇಡಿ ಅಂತಲೂ ಹೇಳ್ತಾರೆ. ಸಣ್ಣ ಮಕ್ಕಳ ಜೊತೆ ಪಾರ್ಕಲ್ಲಿ ಇರೋದು ವ್ಯಾಯಾಮ ಅಲ್ಲದೆ ಇನ್ನೇನು? ಅವತ್ತಿಗೆ ಸಡಿಲ ಶರ್ಟು, ಒಳಗೆ ಸ್ಪೋರ್ಟ್ಸ್ ಬ್ರಾ ಸಾಕು. ಆಪರೇಷನ್ ಆದವರು ಮಗೂನ ಯಾವಾಗಿಂದ ಎತ್ಕೋಬಹುದು ಅಂತ ಡಾಕ್ಟರನ್ನ ಮುಂಚೇನೇ ಕೇಳಿ, ಎಷ್ಟೋ ವಾರ ಭಾರ ಎತ್ತೋ ಹಾಗಿರಲ್ಲ, ಅಷ್ಟರಲ್ಲಿ ಮಗುಗೆ ತಾನೇ ಹತ್ತಿ ಮಡಿಲಲ್ಲಿ ಕೂರೋದನ್ನ ಅಭ್ಯಾಸ ಮಾಡ್ಸಿ.

ದನಿ ಬಗ್ಗೆ ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಟೆಸ್ಟೊಸ್ಟೆರಾನ್ ಅನ್ನೋ ಗಂಡು ಹಾರ್ಮೋನು ತಗೊಂಡೋರ ದನಿ ಕೆಲವು ತಿಂಗಳಲ್ಲಿ ದಪ್ಪ ಆಗುತ್ತೆ, ಆದ್ರೆ ಈಸ್ಟ್ರೊಜೆನ್ ಅನ್ನೋ ಹೆಣ್ಣು ಹಾರ್ಮೋನು ತಗೊಂಡ್ರೆ ದಪ್ಪ ಆಗಿರೋ ದನಿ ಮತ್ತೆ ತೆಳ್ಳಗಾಗಲ್ಲ, ನಮ್ಮಂಥವರು ಅಭ್ಯಾಸದಿಂದಾನೇ ಕಲೀಬೇಕು. ಸಾಮಾನ್ಯವಾಗಿ ಗಂಡಸರ ಮಾತಿನ ಸ್ಥಾಯಿ ಸುಮಾರು 120 ಹರ್ಟ್ಜ್, ಹೆಂಗಸರದ್ದು ಸುಮಾರು 200 ಹರ್ಟ್ಜ್ ಆಸುಪಾಸು ಇರುತ್ತೆ, ಆದ್ರೆ ಬರೀ ಎತ್ತರ ಮಾಡಿದ್ರೆ ಸಾಲದು, ದನಿ ಎದೇಲಿ ಮೊಳಗ್ತಿದೆಯಾ ಬಾಯಿ ಮುಂಭಾಗದಲ್ಲಾ ಅನ್ನೋದು ಕಿವಿಗೆ ಹೆಚ್ಚು ಗೊತ್ತಾಗುತ್ತೆ. ನಾನು ಒಂದು ವರ್ಷ ಸ್ಪೀಚ್ ಥೆರಪಿಸ್ಟ್ ಹತ್ರ ಕಲ್ತೆ, ಮಾತು ಚೆನ್ನಾಗೇ ಕೂತ್ಕೊಂಡಿತು, ಆದ್ರೆ ಮಗು ರಸ್ತೆ ಕಡೆ ಓಡಿದಾಗ ಗಂಟಲಿಂದ ಬರೋದು ಹಳೇ ಗುಡುಗೇ. ಬರಲಿ! ಮಗು ಜೀವದ ಮುಂದೆ ದನಿ ಯಾವ ಲೆಕ್ಕ. ಅಷ್ಟು ತುರ್ತಿಲ್ಲದ ಹೊತ್ತಿಗೆ ಮಾತ್ರ ನಾವೊಂದು ಉಪಾಯ ಮಾಡ್ಕೊಂಡಿದೀವಿ, ಮೂರು ಚಪ್ಪಾಳೆ ಅಂದ್ರೆ "ಎಲ್ಲಿದ್ರೂ ಬಾ", ಮಕ್ಕಳಿಗೆ ಅದು ಆಟ, ನನಗೆ ಪಾರ್ಕಿನ ಆಚೆ ತುದಿಗೆ ಕೂಗೋದು ತಪ್ಪುತ್ತೆ. ಸೀಟಿನೂ ಆಗುತ್ತೆ.

ಒಂದೇ ಸಾಲಿನ ಉತ್ತರಗಳು

ಪ್ರಶ್ನೆ ಬಂದಾಗ ಯೋಚಿಸೋಕೆ ಹೋದ್ರೆ ಬಾಯಿ ಒಣಗುತ್ತೆ. ಹಾಗಾಗಿ ನಾಲ್ಕೈದು ಉತ್ತರ ಮೊದಲೇ ಬಾಯಿಪಾಠ ಮಾಡ್ಕೊಂಡಿರಿ, ಕನ್ನಡಿ ಮುಂದೆ ಜೋರಾಗಿ ಹೇಳಿ, ಮನಸ್ಸಲ್ಲಿ ಹೇಳ್ಕೊಂಡ್ರೆ ಸಾಲಲ್ಲ.

ಬೇರೆ ಮಕ್ಕಳು ಕೇಳೋದು ನೇರಾನೇರ. "ನೀವು ಆಂಟಿನಾ ಅಂಕಲ್ಲಾ?" ನಾನು: "ಆಂಟಿ. ನಾನು ಇವಳ ಅಮ್ಮಿ. ನಿಂದು ಆ ಸೈಕಲ್ಲಾ?" ಮಕ್ಕಳಿಗೆ ಸೈಕಲ್ಲೇ ಮುಖ್ಯ, ನನ್ನ ಲಿಂಗ ಎಷ್ಟು ಹೊತ್ತು ಮಾತಾಡೋ ವಿಷಯ.

ಕುತೂಹಲದ ದೊಡ್ಡವರು ಸುತ್ತಿ ಬಳಸಿ ಬರ್ತಾರೆ. "ಮಗು ನಿಮ್ಮದೇನಾ?" "ಹೌದು, ನನ್ನದೇ." ಇಲ್ಲಿ ನಿಲ್ಲಿಸಿ, ಮುಂದಿನ ಮೌನಾನ ತುಂಬೋಕೆ ಹೋಗ್ಬೇಡಿ, ಮೌನ ಅವರದ್ದು. "ಇವರ ನಿಜವಾದ ಅಮ್ಮ ಎಲ್ಲಿ?" ಅಂದ್ರೆ "ಇವರಿಗೆ ಇಬ್ಬರು ಅಮ್ಮಂದಿರು, ಇಬ್ಬರೂ ನಿಜವಾದವರೇ" ಅಂತೀನಿ, ಇದನ್ನ ಮಗು ಕಡೆ ನೋಡ್ತಾ ಹೇಳ್ತೀನಿ, ಯಾಕಂದ್ರೆ ಆ ಪ್ರಶ್ನೆ ಚುಚ್ಚೋದು ಮಗುಗೆ. ಆಪರೇಷನ್ ಆಗಿದೆಯಾ, ಮಕ್ಕಳು ಹೇಗೆ ಆದ್ವು ಅಂತೆಲ್ಲ ಕೇಳೋರಿಗೆ "ಅದು ನನ್ನ ಸ್ವಂತ ವಿಷಯ" ಸಾಕು, ನಗುಮುಖದಲ್ಲಿ ಹೇಳಬೇಕು ಅನ್ನೋ ನಿಯಮ ಏನಿಲ್ಲ. ನಾನು ಶುರುವಲ್ಲಿ ಕೇಳಿದೋರಿಗೆಲ್ಲ ಪೂರ್ತಿ ಪುರಾಣ ಹೇಳ್ತಿದ್ದೆ, ಅವರಿಗೆ ಅರ್ಥ ಆದ್ರೆ ನಮಗೆ ಒಳ್ಳೇದು ಅಂತ, ಆಗ ಮಗು ಪಕ್ಕದಲ್ಲಿ ನನ್ನ ಬಟ್ಟೆ ಎಳೀತಾ "ಹೋಗೋಣ, ಹೋಗೋಣ" ಅಂತ ನಿಂತಿರ್ತಿತ್ತು. ಈಗ ಪುರಾಣ ಹೇಳಬೇಕು ಅನ್ಸಿದ್ರೆ ಮಗು ಇಲ್ಲದಾಗ ಹೇಳ್ತೀನಿ.

ಮಕ್ಕಳಿಗೂ ಉತ್ತರ ಕೊಡಿ, ಗೊಂಬೆ ಆಟದಲ್ಲಿ ಅಭ್ಯಾಸ ಮಾಡ್ಸಿ. ಒಂದು ಕರಡಿ "ನಿಮ್ಮಪ್ಪ ಯಾಕೆ ಹೆಂಗಸರ ಬಟ್ಟೆ ಹಾಕ್ತಾರೆ" ಅಂತ ಕೇಳುತ್ತೆ, ಮೊಲ ಏನನ್ನುತ್ತೆ? ನನ್ನ ಮಗಳ ಮೊಲ "ನಂಗೊತ್ತಿಲ್ಲ, ಕ್ಯಾರೆಟ್ ಕೊಡು" ಅಂತು. ನಾನು ಯೋಚಿಸಿದ್ದಕ್ಕಿಂತ ಒಳ್ಳೆ ಉತ್ತರ ಅದು.

ಶೌಚಾಲಯ ಮತ್ತೆ ಕಾಗದ ಪತ್ರ

ಶೌಚಾಲಯಕ್ಕೆ ಮುಂಚೇನೇ ಯೋಜನೆ ಇರಲಿ, ಯಾಕಂದ್ರೆ ಮಗು "ಅರ್ಜೆಂಟ್" ಅಂದ್ಮೇಲೆ ತತ್ವ ಚರ್ಚೆಗೆ ಟೈಮಿರಲ್ಲ. ಹೊರಡೋ ಮುಂಚೆ ಎಲ್ಲರೂ ಒಂದ್ಸಲ ಹೋಗಿ ಬನ್ನಿ. ಒಬ್ಬರೇ ಹೋಗಿ ಜಾಗ ನೋಡ್ಕೊಂಡು ಬರ್ತೀರಲ್ಲ, ಆಗಲೇ ಮಕ್ಕಳ ಡೈಪರ್ ಬದಲಾಯಿಸೋ ರೂಮು, ಬಾಗಿಲು ಹಾಕ್ಕೊಳ್ಳೋ ಒಂಟಿ ಶೌಚಾಲಯ ಎಲ್ಲಿದೆ ಪತ್ತೆ ಹಚ್ಚಿ. ಸಾಲು ಶೌಚಾಲಯಕ್ಕೇ ಹೋಗಬೇಕಾದ್ರೆ ಮಗು ಜೊತೆ ಮಾತಾಡ್ತಾ ಒಳಗೆ ಹೋಗಿ, "ಬಾ ಬೇಗ, ಪ್ಯಾಂಟ್ ಬಿಚ್ಚು, ಕೈ ತೊಳ್ಕೊ", ಮಗು ಜೊತೆ ಅವಸರದಲ್ಲಿರೋ ಪೋಷಕರನ್ನ ತಡೆದು ಪ್ರಶ್ನೆ ಕೇಳೋರು ಕಡಿಮೆ. ನಿಮ್ಮಲ್ಲಿ ಕಾನೂನು ಏನು ಹೇಳುತ್ತೆ ಅನ್ನೋದನ್ನ ತಿಳ್ಕೊಂಡಿರಿ, ದೇಶದಿಂದ ದೇಶಕ್ಕೆ ತುಂಬ ವ್ಯತ್ಯಾಸ ಇದೆ.

ಇನ್ನು ದಾಖಲೆ. ಮಗು ಜನನ ಪತ್ರದಲ್ಲಿ ನಿಮ್ಮ ಹಳೇ ಹೆಸರು, ನಿಮ್ಮ ಗುರುತಿನ ಚೀಟೀಲಿ ಹೊಸ ಹೆಸರು ಇದ್ರೆ ಪ್ರಯಾಣದಲ್ಲಿ, ಆಸ್ಪತ್ರೇಲಿ "ಈ ಮಗು ನಿಮಗೇನಾಗಬೇಕು" ಅನ್ನೋ ಪ್ರಶ್ನೆ ಬರುತ್ತೆ. ಜನನ ಪತ್ರ, ಹೆಸರು ಬದಲಾವಣೆ ಪತ್ರ, ಇನ್ನೊಬ್ಬ ಪೋಷಕರ ಒಪ್ಪಿಗೆ ಪತ್ರ, ಇವಿಷ್ಟರ ನಕಲು ಒಂದು ಪ್ಲಾಸ್ಟಿಕ್ ಕವರಲ್ಲಿ ಬ್ಯಾಗಿನಲ್ಲೇ ಇರಲಿ, ಫೋಟೋ ಮೊಬೈಲಲ್ಲಿರಲಿ. ನನಗೆ ಧೈರ್ಯ ಕೊಟ್ಟಿದ್ದರಲ್ಲಿ ಆ ಕವರಿಗೆ ದೊಡ್ಡ ಪಾಲಿದೆ, ನಾಲ್ಕು ಸಲವೂ ತೆಗೆದಿಲ್ಲ, ಆದ್ರೂ.

ಶಾಲೆ ಗೇಟು

ಪಾರ್ಕಲ್ಲಿ ಸರಿ ಹೋಗದಿದ್ರೆ ಇನ್ನೊಂದು ಪಾರ್ಕಿದೆ, ಶಾಲೆ ಗೇಟಿಗೆ ದಿನಾ ಹೋಗಬೇಕು. ಟೀಚರ್ ಹತ್ರ ಮುಂಚೇನೇ ಮಾತಾಡಿ, ಗೇಟಲ್ಲಿ ನಿಂತ್ಕೊಂಡಲ್ಲ, ಟೈಮ್ ಕೇಳಿ ಹೋಗಿ ಕೂತು. ಮೂರೇ ವಿಷಯ ಹೇಳಿ: ಮಗು ನನ್ನನ್ನ ಏನಂತ ಕರೆಯುತ್ತೆ, ನೀವು ನನ್ನನ್ನ ಏನಂತ ಕರೀಬೇಕು, ಬೇರೆ ಮಕ್ಕಳು ಕೇಳಿದ್ರೆ ನೀವು ಏನು ಹೇಳಬೇಕು. ಮೂರನೇದನ್ನ ಬರೆದೇ ಕೊಡಿ, "ಮನೆಗಳು ಬೇರೆ ಬೇರೆ ಥರ ಇರುತ್ವೆ, ಅವರು ಇವಳ ಅಮ್ಮಿ" ಅನ್ನೋ ಅಷ್ಟು. ಎಷ್ಟೋ ಟೀಚರ್‌ಗಳು ಕೆಟ್ಟವರಲ್ಲ, ಏನು ಹೇಳಬೇಕು ಗೊತ್ತಾಗದೆ ಗಾಬರಿ ಆಗ್ತಾರೆ, ಆ ಗಾಬರೀನೇ ಮಕ್ಕಳ ಕಣ್ಣಿಗೆ ಬೀಳುತ್ತೆ. ಅಪ್ಪಂದಿರ ದಿನ ಅಮ್ಮಂದಿರ ದಿನ ಕಾರ್ಡ್ ಮಾಡಿಸ್ತಾರಲ್ಲ, ಅದಕ್ಕೂ ಒಂದು ಮಾತು ಮುಂಚೆನೇ ಹೇಳಿಟ್ಟಿರಿ.

ಬೇರೆ ಪೋಷಕರಲ್ಲಿ ಎಲ್ಲರನ್ನೂ ಗೆಲ್ಲೋಕೆ ಹೋಗ್ಬೇಡಿ. ಒಬ್ಬರನ್ನ ಹುಡುಕ್ಕೊಳ್ಳಿ, ದಿನಾ ಎರಡು ಮಾತಾಡೋ ಒಬ್ಬರು, ಅವರ ಪಕ್ಕ ನಿಂತ್ಕೊಳ್ಳಿ. ಮಿಕ್ಕವರು ಅವರನ್ನ ನೋಡಿ ತಾವೂ ಮಾತಾಡಿಸ್ತಾರೆ, ಇಲ್ಲಾಂದ್ರೆ ಬಿಡ್ತಾರೆ.

ಸುಮಾರು ಏಳು ವರ್ಷಕ್ಕೆ ನನ್ನ ಮಗ ಒಂದು ದಿನ "ಅಮ್ಮಿ, ನೀನು ಗೇಟ್ ತನಕ ಬರಬೇಡ, ಆ ಮರದ ಹತ್ರ ಇರು" ಅಂದ. ಅವತ್ತು ಅಪರಿಚಿತರು ಯಾರು ಏನಂದಿದ್ರೂ ಅಷ್ಟು ನೋವಾಗ್ತಿರಲಿಲ್ಲ. ಆದ್ರೆ ಆ ವಯಸ್ಸಿನ ಮಕ್ಕಳು ಅಪ್ಪನ ಹಳೇ ಕಾರಿಗೂ, ಅಮ್ಮನ ಜೋರು ನಗುವಿಗೂ ಹಾಗೇ ಅಂತಾರೆ. ಯಾರಾದ್ರೂ ಏನಾದ್ರೂ ಅಂದ್ರಾ ಅಂತ ಕೇಳಿ, ಪೀಡಿಸ್ತಿದ್ರೆ ಶಾಲೆಗೆ ಹೋಗಿ ಮಾತಾಡಿ, ಬರೀ ಸಂಕೋಚ ಆಗಿದ್ರೆ ಚೌಕಾಸಿ ಮಾಡಿ. ನಾವು ಬೆಳಿಗ್ಗೆ ಮರ, ಸಂಜೆ ಗೇಟು ಅಂತ ಒಪ್ಪಂದ ಮಾಡ್ಕೊಂಡ್ವಿ, ನಾಲ್ಕು ತಿಂಗಳಿಗೆ ಅವನೇ ಮರೆತ.

ಕೆಟ್ಟದಾದಾಗ

ಆಗುತ್ತೆ, ಆಗಲ್ಲ ಅಂತ ಸುಳ್ಳು ಹೇಳಲ್ಲ. ಒಬ್ಬರು ದೂರದಿಂದ ಗೊಣಗಿದ್ರೆ ಕೇಳಿಯೂ ಕೇಳದ ಹಾಗೆ ಇರ್ಬಹುದು. ಹತ್ರ ಬಂದ್ರೆ, ದನಿ ಏರಿದ್ರೆ, ಹಿಂದೆ ಬರ್ತಿದ್ರೆ, ಮೊಬೈಲಲ್ಲಿ ಮಗು ವಿಡಿಯೋ ಮಾಡೋಕೆ ಶುರು ಮಾಡಿದ್ರೆ ಅಲ್ಲಿಂದ ಹೊರಡಿ, ವಾದ ಗೆಲ್ಲೋದು ಬೇಡ, ಜನ ಇರೋ ಕಡೆಗೆ, ಅಂಗಡಿ ಒಳಗೆ, ಕೌಂಟರ್ ಹತ್ರ ಹೋಗಿ ನಿಲ್ಲಿ. ಅಪಾಯದಿಂದ ಹೊರಡೋದಕ್ಕೂ ಮುಜುಗರದಿಂದ ಓಡೋದಕ್ಕೂ ವ್ಯತ್ಯಾಸ ಇದೆ, ಮೊದಲನೇದಕ್ಕೆ ನಾಚಿಕೆ ಬೇಡ. ಮಕ್ಕಳ ಜೊತೆ ಒಂದು ಗುರುತಿನ ಪದ ಇಟ್ಕೊಂಡಿರಿ, ನಮ್ಮದು "ಕೊಡೆ ಮರೆತೆ", ಅಂದ್ರೆ ಪ್ರಶ್ನೆ ಕೇಳದೆ ನನ್ನ ಕೈ ಹಿಡಿ, ನಡಿ. ಮನೇಲಿ ನಾಲ್ಕೈದು ಸಲ ಆಟದ ಹಾಗೆ ಅಭ್ಯಾಸ ಮಾಡಿದೀವಿ.

ಆಮೇಲಿನ ಹತ್ತು ನಿಮಿಷ ಇನ್ನೂ ಮುಖ್ಯ. ಒಂದು ಸಲ ಬಸ್‌ಸ್ಟಾಪಲ್ಲಿ ಒಬ್ಬ ಏನೋ ಅಸಹ್ಯವಾಗಿ ಅಂದ, ಮಗ ಏನಂದ್ರು ಅಂತ ಕೇಳಿದಾಗ ನಾನು "ಏನಿಲ್ಲ, ಅಡ್ರೆಸ್ ಕೇಳಿದ್ರು" ಅಂದೆ. ಅವನು ನನ್ನ ಮುಖ ನೋಡಿ ಸುಮ್ಮನಾದ, ರಾತ್ರಿ ಹಾಸಿಗೇಲಿ "ಅಡ್ರೆಸ್ ಕೇಳಿದ್ರೆ ಅಳು ಬರುತ್ತಾ?" ಅಂದ. ಮಕ್ಕಳು ಮಾತಿಗಿಂತ ಮುಖ ಓದ್ತಾರೆ. ಈಗ ನಿಜಾನೇ ಹೇಳ್ತೀನಿ, ಅಳತೆ ನೋಡಿ: "ಅವರು ಕೆಟ್ಟ ಮಾತಾಡಿದ್ರು. ನಂಗೆ ಬೇಜಾರಾಯ್ತು. ನಿನ್ನ ತಪ್ಪೇನಿಲ್ಲ, ನನ್ನ ತಪ್ಪೂ ಇಲ್ಲ. ಈಗ ನಾವು ಸೇಫ್ ಆಗಿದೀವಿ." ಆಮೇಲೆ ಮೊದಲು ಅಂದ್ಕೊಂಡಿದ್ದ ಕೆಲಸಾನೇ ಮುಂದುವರಿಸಿ, ಲೈಬ್ರರಿಗೆ ಹೊರಟಿದ್ರೆ ಲೈಬ್ರರಿಗೇ ಹೋಗಿ, ಬೇರೆ ದಾರೀಲಿ ಆದ್ರೂ ಸರಿ. ನಿಮ್ಮ ಕಣ್ಣೀರು, ಸಿಟ್ಟು ಹೊರಗೆ ಹಾಕೋಕೆ ದೊಡ್ಡವರೊಬ್ಬರನ್ನ ಇಟ್ಕೊಂಡಿರಿ, ಆ ರಾತ್ರಿ ಫೋನ್ ಮಾಡೋಕೆ. ಸಾಧ್ಯ ಆದ್ರೆ ಇನ್ನೊಬ್ಬ ಟ್ರಾನ್ಸ್ ಪೋಷಕರೇ ಆಗಿರಲಿ, ಅವರಿಗೆ ಪೀಠಿಕೆ ಹಾಕಬೇಕಾಗಿಲ್ಲ.

ಜೊತೇಲಿ ಸಂಗಾತಿ ಇದ್ದಾಗ ಒಂದು ಸಮಸ್ಯೆ: ಅವರು ನಮ್ಮ ಪರವಾಗಿ ಜಗಳಕ್ಕೆ ಇಳೀತಾರೆ, ಪ್ರೀತಿಯಿಂದಾನೇ. ನನ್ನ ಹೆಂಡತಿಗೆ ನಾನು ಹೇಳಿದ್ದು, ನೀನು ಮಗೂನ ಹಿಡ್ಕೊ, ಉತ್ತರ ನಾನು ಕೊಡ್ತೀನಿ, ನಾನು ನಿನ್ನ ಕಡೆ ನೋಡಿದ್ರೆ ಮಾತ್ರ ಬಾ. ಇದನ್ನ ಮನೇಲೇ ಮಾತಾಡ್ಕೊಂಡು ಹೊರಡಿ.

"ಮಕ್ಕಳ ಮೇಲೆ ಏನು ಪರಿಣಾಮ ಆಗುತ್ತೋ" ಅಂತ ಅನುಕಂಪದ ದನೀಲಿ ಕೇಳೋರು ಸಿಕ್ತಾರೆ, ರಾತ್ರಿ ಎರಡು ಗಂಟೆಗೆ ನಮ್ಮ ಮನಸ್ಸೂ ಅದನ್ನೇ ಕೇಳುತ್ತೆ. ಆಗ ನೆನಪಿಸ್ಕೊಳ್ಳೋಕೆ ಎರಡು ಸಂಗತಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ, 2022ರಿಂದ ಜಾರಿಗೆ ಬಂದ ರೋಗಗಳ ಪಟ್ಟಿ ಐಸಿಡಿ-11ರಲ್ಲಿ ಟ್ರಾನ್ಸ್ ಆಗಿರೋದು ಮಾನಸಿಕ ಕಾಯಿಲೆಗಳ ಅಧ್ಯಾಯದಲ್ಲಿ ಇಲ್ಲ, ತೆಗೆದಿದಾರೆ. ಮತ್ತೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಸುಸಾನ್ ಗೋಲೊಂಬೊಕ್ ಅವರ ತಂಡ ಬ್ರಿಟನ್ನಿನ ಟ್ರಾನ್ಸ್ ಪೋಷಕರ ಮನೆಗಳನ್ನ ಅಧ್ಯಯನ ಮಾಡಿದಾಗ ಪೋಷಕರು ಮಕ್ಕಳ ನಡುವಿನ ಸಂಬಂಧ ಚೆನ್ನಾಗಿದೆ, ಮಕ್ಕಳು ಮಾನಸಿಕವಾಗಿ ಚೆನ್ನಾಗೇ ಹೊಂದ್ಕೊಂಡಿದಾರೆ ಅಂತ ಕಂಡುಬಂತು. ಕೇಳಿದೋರಿಗೆ ಇದನ್ನೆಲ್ಲ ಹೇಳ್ತಾ ನಿಲ್ಲಬೇಕಾಗಿಲ್ಲ, ರಾತ್ರಿ ಎರಡು ಗಂಟೆಗೆ ನಿಮಗೆ ನೀವೇ ಹೇಳ್ಕೊಂಡ್ರೆ ಸಾಕು.

ನನ್ನ ಪಟ್ಟಿಯ ತುದೀಲಿದ್ದ ಸ್ವಿಮ್ಮಿಂಗ್ ಪೂಲ್ ಇನ್ನೂ ಅಲ್ಲೇ ಕೂತಿದೆ. ಚಿಕ್ಕವಳು ಗಾಳಿ ತುಂಬಿದ ಬಾತುಕೋಳಿ ಟ್ಯೂಬನ್ನ ಎರಡು ವಾರದಿಂದ ಹಾಸಿಗೇಲೇ ಇಟ್ಕೊಂಡು ಮಲಗ್ತಿದಾಳೆ. ಬುಧವಾರ ಅವರಿಬ್ಬರೂ ಶಾಲೇಲಿರೋವಾಗ ನಾನೊಬ್ಬಳೇ ಹೋಗಿ, ಬಟ್ಟೆ ಬದಲಾಯಿಸೋ ರೂಮಿನ ಬಾಗಿಲಿಗೆ ಚಿಲಕ ಇದೆಯಾ ಅಂತ ಮೊದಲು ನೋಡ್ಕೊಂಡು ಬರ್ತೀನಿ.